ಎಂಜಿನ್ ಬಿಚ್ಚಿಲ್ಲ ಸಾರ್

ಹಳೆಯ ಟೊಯೋಟಾ ಇನ್ನೋವಾ ಮಾರಲು ನಿಂತವರ ಬಾಯಿಂದ ಈ ಮಾತು ಬಂದೇ ಬರುತ್ತದೆ: ‘ಮೂರು ಲಕ್ಷ ಓಡಿದೆ, ಎಂಜಿನ್ ಬಿಚ್ಚಿಲ್ಲ ಸಾರ್.’ ಬೇರೆ ಗಾಡಿಯಾದರೆ ಮೂರು ಲಕ್ಷ ಕಿಲೋಮೀಟರ್ ಓಡಿದ ಸಂಗತಿಯನ್ನು ಬ್ರೋಕರುಗಳು ಕೊನೆಯವರೆಗೂ ಬಾಯಿಬಿಡುವುದಿಲ್ಲ. ಇನ್ನೋವಾ ವಿಷಯಕ್ಕೆ ಬಂದರೆ ಅದೇ ಮೊದಲ ಮಾತು. ಕೇಳುವವರೂ ಹೌದೆಂದು ತಲೆಯಾಡಿಸುತ್ತಾರೆ. ಸೀಟಿನ ಬಟ್ಟೆ ಹರಿದು ಸ್ಪಂಜು ಕಾಣುತ್ತಿದ್ದರೂ, ಬಂಪರಿನ ಎರಡು ಮೂಲೆಗೂ ಪಟ್ಟಿ ಹಾಕಿದ್ದರೂ, ಹೇಳಿದ ಬೆಲೆಗೆ ಗಿರಾಕಿ ಸಿಗುತ್ತಾನೆ.

ನಮ್ಮ ಮನೆಗೆ ಈ ಕಂಪನಿಯ ಗಾಡಿ ಅನ್ನ ಹಾಕಿದೆ. ಚಿಕ್ಕಪ್ಪ ಮಂಡ್ಯದಲ್ಲಿ ಬಾಡಿಗೆ ಗಾಡಿ ಓಡಿಸುತ್ತಿದ್ದರು. ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ, ಎರಡೂ ಹಳದಿ ಬೋರ್ಡು. ಮಗಳ ನರ್ಸಿಂಗ್ ಓದು, ಮನೆಯ ಮೇಲಿನ ಅಂತಸ್ತು, ಅಜ್ಜಿಯ ಆಪರೇಷನ್ನು ಎಲ್ಲವೂ ಆ ಸ್ಟೇರಿಂಗಿನಿಂದಲೇ ಬಂದವು. ಆದ್ದರಿಂದ ಟೊಯೋಟಾದ ಹೊಗಳಿಕೆ ನನಗೆ ಹೊಸದಲ್ಲ, ಅದರಲ್ಲಿ ನನಗೂ ಪಾಲಿದೆ. ಬಹಳ ದಿನದಿಂದ ಕೊರೆಯುತ್ತಿರುವುದು ಆ ಹೊಗಳಿಕೆಯ ಧಾಟಿ. ‘ಜಪಾನ್ ಗಾಡಿ ಕಣ್ರೀ, ಏನೂ ಆಗಲ್ಲ’ ಅನ್ನುತ್ತಾರೆ. ಹುಟ್ಟಿನಿಂದಲೇ ಬಂದ ಗುಣವೇನೋ ಎಂಬಂತೆ, ನಾವು ಮಾಡಬೇಕಾದದ್ದು ಏನೂ ಇಲ್ಲ ಎಂಬಂತೆ. ಆ ಗಾಡಿಗಳಿಗೆ ಏನೇನು ಆಗುತ್ತಿತ್ತು, ಆದಾಗ ಏನು ಮಾಡುತ್ತಿದ್ದರು ಎಂಬುದನ್ನು ನಾನು ಮನೆಯಂಗಳದಲ್ಲೇ ನೋಡಿದ್ದೇನೆ. ಆಮೇಲೆ ಕಂಪನಿಯ ಚರಿತ್ರೆ ಓದಿದಾಗ ಅಲ್ಲೂ ಅದೇ ಕಂಡಿತು. ಟೊಯೋಟಾ ಹುಟ್ಟುತ್ತಲೇ ಗಟ್ಟಿ ಗಾಡಿ ಮಾಡಿದ ಕಂಪನಿಯಲ್ಲ. ಅದರ ಮೊದಲ ಲಾರಿಗಳು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು.

ಎಳೆ ಕಡಿದರೆ ನಿಲ್ಲುವ ಮಗ್ಗ

ಟೊಯೋಟಾದ ಮೂಲಪುರುಷ ಸಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಜಪಾನಿನ ಶಿಜುವೋಕ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಬಡಗಿ. ಊರಿನ ಮನೆಮನೆಯಲ್ಲೂ ಹೆಂಗಸರು ಕೈಮಗ್ಗದ ಮುಂದೆ ಕೂರುವ ಕಾಲ. ಮರಗೆಲಸ ಕಲಿತಿದ್ದ ಸಕಿಚಿಗೆ ಮಗ್ಗದ ಹುಚ್ಚು ಹಿಡಿಯಿತು, 1891ರಲ್ಲಿ ಮೊದಲ ಪೇಟೆಂಟು ಸಿಕ್ಕಿತು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ತಿದ್ದುತ್ತಾ ಹೋಗಿ, 1924ರಲ್ಲಿ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗಕ್ಕೆ ಬಂದು ಮುಟ್ಟಿದರು. ಓಡುತ್ತಿರುವಾಗಲೇ ಲಾಳಿ ಬದಲಾಗುವ ಮಗ್ಗ ಅದು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಹಾಸಿನಲ್ಲಿ ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ದೊಡ್ಡಬಳ್ಳಾಪುರದ ಕಡೆ ಪವರ್‌ಲೂಮ್ ಮನೆಗಳಿಗೆ ಹೋಗಿಬಂದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಎಳೆ ಕಡಿದದ್ದು ಗೊತ್ತಾಗದೆ ಮಗ್ಗ ಓಡುತ್ತಲೇ ಇದ್ದರೆ ಮುಂದಿನ ಬಟ್ಟೆಯೆಲ್ಲ ದೋಷದ್ದು. ಅದಕ್ಕೇ ಮಗ್ಗದ ಪಕ್ಕದಲ್ಲಿ ಒಂದು ಜೀವ ಕಣ್ಣು ಕೀಲಿಸಿ ನಿಂತಿರಬೇಕು. ಮಗ್ಗವೇ ನಿಂತರೆ ಆ ಕಣ್ಣಿಗೆ ಬಿಡುವು. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು, ಹಾಳು ಬಟ್ಟೆ ಒಂದು ಗೇಣಿಗಿಂತ ಮುಂದಕ್ಕೆ ಹೋಗುವುದಿಲ್ಲ. ಜಗತ್ತಿಗೆ ಮಗ್ಗ ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಒಂದು ಲಕ್ಷ ಪೌಂಡಿಗೆ ಈ ಮಗ್ಗದ ಹಕ್ಕು ಪಡೆಯಲು ಒಪ್ಪಿಕೊಂಡಿತು. ಮಗ ಕಿಚಿರೊ ಕಾರಿನ ಕಡೆ ತಿರುಗಿದ್ದು ಆ ಹೊತ್ತಿನಲ್ಲೇ. ಮಗ್ಗದ ಕಂಪನಿಯೊಳಗೆ 1933ರಲ್ಲಿ ಮೋಟಾರು ವಿಭಾಗ ಶುರುವಾಯಿತು, 1935ರಲ್ಲಿ ಜಿ1 ಲಾರಿ, 1936ರಲ್ಲಿ ಎಎ ಕಾರು, 1937ರಲ್ಲಿ ಟೊಯೋಟಾ ಮೋಟಾರ್ ಎಂಬ ಬೇರೆಯೇ ಕಂಪನಿ.

ಜಿ1 ಲಾರಿಯ ಕಥೆ ನನಗೆ ತುಂಬ ಹಿಡಿಸುತ್ತದೆ. ಟೋಕಿಯೋದಲ್ಲಿ ಅದನ್ನು ಜನರಿಗೆ ತೋರಿಸಲು ಓಡಿಸಿಕೊಂಡು ಹೊರಟಾಗ ದಾರಿಯಲ್ಲೇ ಸ್ಟೇರಿಂಗಿನ ಭಾಗವೊಂದು ಮುರಿಯಿತು. ಮಾರಾಟವಾದ ಮೇಲೂ ಕೆಡುವುದು ನಿಲ್ಲಲಿಲ್ಲ. ಲಾರಿ ನಿಂತ ಕಡೆಗೆ ಕಂಪನಿಯವರೇ ಓಡಬೇಕಾಯಿತು, ಕಿಚಿರೊ ಕೂಡ ಹೋದದ್ದುಂಟು. ಕೆಟ್ಟ ಭಾಗ ಹಿಡಿದುಕೊಂಡು ವಾಪಸು ಬಂದು ಅದನ್ನು ತಿದ್ದುವುದು, ತಿದ್ದಿದ್ದನ್ನು ಮತ್ತೆ ಲಾರಿಗೆ ಹಾಕುವುದು. ಅಮೆರಿಕಕ್ಕೆ ಕಾರು ಕಳಿಸಿದಾಗಲೂ ಇದೇ ಪಾಠ. 1957ರಲ್ಲಿ ಕ್ರೌನ್ ಕಾರು ಕ್ಯಾಲಿಫೋರ್ನಿಯಾ ಮುಟ್ಟಿತು. ಜಪಾನಿನ ರಸ್ತೆಗೆಂದು ಕಟ್ಟಿದ ಆ ಭಾರದ ಗಾಡಿ ಅಲ್ಲಿನ ಹೆದ್ದಾರಿಯ ವೇಗಕ್ಕೆ ನಡುಗುತ್ತಿತ್ತು, ಎಂಜಿನ್ ಕಾದುಹೋಗುತ್ತಿತ್ತು. ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಲ್ಲಿನ ಜನ ನೆಚ್ಚುವಂಥ ಕಾರು ತರಲು ಹಲವು ವರ್ಷ ಹಿಡಿಯಿತು.

ಇವೆರಡರ ನಡುವೆ 1950ರ ಸಂಕಟವೂ ಇದೆ. ಯುದ್ಧ ಸೋತ ಜಪಾನಿನಲ್ಲಿ ಗಾಡಿ ಕೊಳ್ಳುವವರಿಲ್ಲ, ಸಂಬಳಕ್ಕೆ ದುಡ್ಡಿಲ್ಲ, ಕಾರ್ಮಿಕರ ಮುಷ್ಕರ. ಸುಮಾರು 1600 ಜನ ಕೆಲಸ ಬಿಟ್ಟರು. ಕಿಚಿರೊ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಕೆಲವೇ ವಾರದಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗಳಿಗೆ ಆರ್ಡರು ಬಂತು, ಕಂಪನಿ ಉಳಿಯಿತು. ಅದು ಎದ್ದು ನಿಂತದ್ದನ್ನು ನೋಡಲು ಕಿಚಿರೊ ಇರಲಿಲ್ಲ, 1952ರಲ್ಲಿ ತೀರಿಕೊಂಡರು. ಮಗ್ಗದ ಬುದ್ಧಿಯನ್ನು ಕಾರಿನ ಕಾರ್ಖಾನೆಗೆ ಪೂರ್ತಿಯಾಗಿ ತಂದವರು ಆಮೇಲಿನವರು, ಮುಖ್ಯವಾಗಿ ತೈಚಿ ಓನೊ. ಅವರು ಕೆಲಸಕ್ಕೆ ಸೇರಿದ್ದೂ ನೂಲು, ಬಟ್ಟೆಯ ಕಡೆಯಲ್ಲೇ. ಗಾಡಿ ಜೋಡಿಸುವ ಸಾಲಿನಲ್ಲಿ ನಿಂತ ಯಾವ ಕೆಲಸಗಾರನೇ ಆಗಲಿ, ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಯಾಕೆ ಹೀಗಾಯಿತು ಎಂದು ಐದು ಸಲ ಕೇಳಿ ಬುಡಕ್ಕೆ ಹೋಗು ಎಂಬುದೂ ಓನೊ ಅವರದೇ ಪಾಠ. ಬೋಲ್ಟು ಯಾಕೆ ಸಡಿಲ? ಬಿಗಿಯುವ ಗನ್ನಿನ ಒತ್ತಡ ಕಡಿಮೆ. ಅದು ಯಾಕೆ? ಗಾಳಿಯ ಕೊಳವೆ ಸೋರುತ್ತಿದೆ. ಅದು ಯಾಕೆ? ಹೀಗೇ ಹೋಗಬೇಕು. ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದು ಗಾಡಿಯನ್ನು ಮುಂದೆ ತಳ್ಳಿಬಿಟ್ಟರೆ ಕೊಳವೆ ಸೋರುತ್ತಲೇ ಇರುತ್ತದೆ.

ಸಕಲೇಶಪುರದಲ್ಲಿ ನಿಂತದ್ದು

ಕಾಲೇಜು ರಜೆಯಲ್ಲಿ ಒಮ್ಮೆ ಚಿಕ್ಕಪ್ಪನ ಜೊತೆ ಧರ್ಮಸ್ಥಳದ ಬಾಡಿಗೆಗೆ ಹೋಗಿದ್ದೆ. ಹಿಂದೆ ಒಂದು ಕುಟುಂಬ, ಗಂಡ ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ. ಚನ್ನರಾಯಪಟ್ಟಣ ದಾಟುವವರೆಗೆ ಎಲ್ಲ ಸುಮ್ಮನಿದ್ದೆವು. ಹಾಸನ ಬಿಟ್ಟ ಮೇಲೆ ಚಿಕ್ಕಪ್ಪ ಹಾಡು ನಿಲ್ಲಿಸಿದರು. ಆಮೇಲೆ ಎ.ಸಿ. ಆರಿಸಿ ತಮ್ಮ ಕಡೆಯ ಗಾಜು ಇಳಿಸಿದರು. ಮಳೆಗಾಲದ ತಂಡಿ ಗಾಳಿ ಒಳಗೆ ನುಗ್ಗಿತು. ಹಿಂದಿನಿಂದ ಅಜ್ಜಿ, ‘ಚಳಿ ಆಯ್ತದೆ ಡ್ರೈವರಣ್ಣ’ ಅಂದರು. ‘ಒಂದೈದ್ ನಿಮ್ಸ ತಡ್ಕಳಿ ಅವ್ವ’ ಅಂದವರು ವೇಗ ಎಪ್ಪತ್ತಕ್ಕೆ ಏರಿಸಿ, ನಲವತ್ತಕ್ಕೆ ಇಳಿಸಿ, ತಿರುವು ಬಂದಾಗ ತಲೆಯನ್ನು ಕಿಟಕಿಯ ಕಡೆ ವಾಲಿಸುತ್ತಾ ಹೋದರು. ನನ್ನ ಕಡೆ ತಿರುಗಿ, ‘ಏನೋ ಗುಂಯ್ ಅಂತಾ ಐತೆ ಕೇಳ್ತದಾ?’ ಅಂದರು. ನನಗೆ ಟೈರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಸಕಲೇಶಪುರದಲ್ಲಿ ಮುಚ್ಚುವ ಹೊತ್ತಿಗಿದ್ದ ಒಂದು ಪಂಕ್ಚರ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಜಾಕ್ ಹಾಕಿಸಿದರು. ಎತ್ತಿದ ಮುಂದಿನ ಎಡ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ನನ್ನ ಕೈಯನ್ನೂ ಇರಿಸಿ, ‘ನೋಡು’ ಅಂದರು. ಆಗ ಅಂಗೈಗೆ ಸಿಕ್ಕಿತು. ಕೂದಲೆಳೆಯಷ್ಟು, ಟಕ್ ಎಂದು ಒಂದು ಮಿಸುಕು. ಬಲ ಚಕ್ರದಲ್ಲಿ ಅದು ಇರಲಿಲ್ಲ. ಕೈಯಿಂದ ತಿರುಗಿಸಿದರೆ ಬಲಗಡೆಯದು ಸದ್ದಿಲ್ಲದೆ ಸುತ್ತಿತು, ಎಡಗಡೆಯದು ಒಳಗೆ ಎಲ್ಲೋ ಮರಳು ಸಿಕ್ಕಿದ ಹಾಗೆ ಕರಕರ ಅಂತು. ‘ಬೇರಿಂಗ್ ಪ್ಲೇ ಬಂದ್ಬುಟ್ಟೈತೆ. ಘಾಟಿ ಇಳ್ಯಕಾಗಕಿಲ್ಲ’ ಅಂದರು ಚಿಕ್ಕಪ್ಪ. ಬೇರಿಂಗ್ ಸವೆಯುವ ಸಾಮಾನು, ಅಷ್ಟು ಓಡಿದ ಮೇಲೆ ಯಾವ ಗಾಡಿಯಲ್ಲೂ ಹೋಗುವಂಥದ್ದೇ.

ಕುಟುಂಬದ ಯಜಮಾನರಿಗೆ ಸಿಟ್ಟು ಬಂತು. ಬೆಳಗ್ಗೆ ಆರಕ್ಕೆ ದೇವಸ್ಥಾನದಲ್ಲಿ ಇರಬೇಕಿತ್ತು, ಹರಕೆ ಇತ್ತು. ‘ಇಷ್ಟ್ ದೂರ ಬಂದಿದೆ, ಇನ್ನು ಎಂಬತ್ತು ಕಿಲೋಮೀಟರ್ ಹೋಗಲ್ವಾ? ಇನ್ನೋವಾ ಅಂತಾನೇ ಬುಕ್ ಮಾಡಿದ್ದು’ ಅಂದರು. ಚಿಕ್ಕಪ್ಪ ಮಾತಿಗೆ ಮಾತು ಬೆಳೆಸಲಿಲ್ಲ. ‘ಹೋದ್ರೂ ಹೋಗ್ಬೋದು ಸಾರ್. ಆದ್ರೆ ಹೋಗ್ತದೆ ಅಂತ ನಾನು ಹೇಳಕಾಗಕಿಲ್ಲ’ ಅಂದು, ಪರಿಚಯದವರಿಗೆ ಫೋನ್ ಹಚ್ಚಿ ಹಾಸನದಿಂದ ಇನ್ನೊಂದು ಗಾಡಿ ತರಿಸಿದರು. ಆ ಬಾಡಿಗೆಯನ್ನು ತಮ್ಮ ಕೈಯಿಂದಲೇ ಕೊಟ್ಟರು. ನಾವಿಬ್ಬರೂ ಗಾಡಿಯಲ್ಲೇ ಮಲಗಿ, ಬೆಳಗ್ಗೆ ಮೆಕ್ಯಾನಿಕ್ಕನಿಂದ ಬೇರಿಂಗ್ ಬದಲಾಯಿಸಿಕೊಂಡು ಊರಿಗೆ ಬಂದೆವು. ಆ ಟ್ರಿಪ್ಪಿನಲ್ಲಿ ದುಡಿದದ್ದಕ್ಕಿಂತ ಕಳೆದದ್ದೇ ಹೆಚ್ಚು. ಮುಂದಿನ ವರ್ಷ ಅದೇ ಕುಟುಂಬ ಮಂತ್ರಾಲಯಕ್ಕೆ ಹೋಗಲು ಚಿಕ್ಕಪ್ಪನಿಗೇ ಫೋನ್ ಮಾಡಿತು ಎಂಬುದನ್ನೂ ಹೇಳಬೇಕು.

ಶಿರಾಡಿ ಘಾಟಿಯಲ್ಲಿ ಆ ಚಕ್ರ ಕಳಚಿದ್ದರೆ ‘ಇನ್ನೋವಾ ಕೈಕೊಟ್ಟಿತು’ ಅನ್ನುತ್ತಿದ್ದರು. ಕಳಚದೆ ಹೇಗೋ ಇಳಿದಿದ್ದರೆ ‘ಇನ್ನೋವಾ ಅಂದ್ರೆ ಇನ್ನೋವಾ’ ಅನ್ನುತ್ತಿದ್ದರು. ಎರಡರಲ್ಲೂ ಕಿಟಕಿ ಇಳಿಸಿ ಕಿವಿಗೊಟ್ಟವನ ಹೆಸರು ಬರುವುದಿಲ್ಲ. ನನಗೆ ಅನ್ಯಾಯ ಅನ್ನಿಸುವುದು ಇದೇ.

ಬಿಡದಿ

ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವವರೆಲ್ಲ ಬಿಡದಿಯ ಕಾರ್ಖಾನೆಯ ಹೆಸರು ಕೇಳಿದವರೇ. ಟೊಯೋಟಾ ಇಲ್ಲಿಗೆ ಕಿರ್ಲೋಸ್ಕರ್ ಗುಂಪಿನ ಜೊತೆಗೂಡಿ ಬಂದದ್ದು 1997ರಲ್ಲಿ. 1999ರ ಡಿಸೆಂಬರಿನಲ್ಲಿ ಗಾಡಿ ತಯಾರಿ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಹೊರಬಂತು. ಮಗ್ಗ, ನೂಲಿನ ನಂಟು ನಮ್ಮ ನಾಡಿನಲ್ಲೂ ಇದೆ. ಕಾರಿಗಿಂತ ಮೊದಲೇ, 1995ರಲ್ಲಿ, ನೂಲು ತೆಗೆಯುವ ಯಂತ್ರಗಳ ತಯಾರಿಕೆಗಾಗಿ ಇದೇ ಎರಡು ಮನೆತನದ ಕಂಪನಿಗಳು ಬೆಂಗಳೂರಿನಲ್ಲಿ ಕೈಜೋಡಿಸಿದ್ದವು. ಇಂದು ಇನ್ನೋವಾದ ಮುಂದಿನ ರೂಪವಾದ ಕ್ರಿಸ್ಟಾದ ಡೀಸೆಲ್ ಎಂಜಿನ್ ತಯಾರಾಗುವುದು ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ. ಇನ್ನು ಕಿರ್ಲೋಸ್ಕರರ ಮೂಲಪುರುಷ ಲಕ್ಷ್ಮಣರಾಯರು 1888ರಲ್ಲಿ ಉದ್ಯಮ ಶುರು ಮಾಡಿದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಹರಿಹರದ ಲೇತುಗಳನ್ನು ಕಂಡವರಿಗೆ ಆ ಹೆಸರಿನ ತೂಕ ಗೊತ್ತು.

ಕ್ವಾಲಿಸ್ ಬಂದಾಗ ಅದನ್ನು ಚೆಂದದ ಗಾಡಿ ಎಂದವರು ಕಡಿಮೆ. ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ಹಳೆಯ ತಲೆಮಾರಿನ ರೂಪ ಅದು, ಪೆಟ್ಟಿಗೆಯ ಹಾಗೆ ಚೌಕ. 2.4 ಲೀಟರಿನ ಡೀಸೆಲ್ ಎಂಜಿನ್‌ಗೆ ಶಕ್ತಿ ಹೆಚ್ಚಿಸುವ ಟರ್ಬೋ ಕೂಡ ಇರಲಿಲ್ಲ. ಘಾಟಿ ಹತ್ತುವಾಗ ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆದರೆ ಹತ್ತು ಜನ, ಮೇಲೆ ಕ್ಯಾರಿಯರ್ ತುಂಬ ಗಂಟುಮೂಟೆ, ತಿರುಪತಿಗೆ ಹೋಗಿ ಅದೇ ರಾತ್ರಿ ವಾಪಸು ಬಂದು, ಬೆಳಗಿನ ಜಾವ ಏರ್‌ಪೋರ್ಟ್ ಡ್ರಾಪಿಗೆ ಎದ್ದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಬಾಡಿಗೆಯವರಿಗೆ ಬೇಕಾದದ್ದು ಅದು. ಬೆಳಗ್ಗೆ ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ ನಾಲ್ಕಕ್ಕೆ ಬಾಗಿಲಲ್ಲಿ ಇರಬೇಕು. ಆ ಮಾತು ಉಳಿದರೆ ಗಿರಾಕಿ ಉಳಿದ. ಚೆನ್ನಾಗಿ ಮಾರಾಟವಾಗುತ್ತಿದ್ದ ಹೊತ್ತಿನಲ್ಲೇ ಕಂಪನಿ ಕ್ವಾಲಿಸ್ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಾಗ ಸ್ಟ್ಯಾಂಡಿನಲ್ಲಿ ಎಲ್ಲರೂ ಬೈದರು. ವರ್ಷ ಕಳೆಯುವಷ್ಟರಲ್ಲಿ ಅವರೇ ಇನ್ನೋವಾಗೆ ಮುಂಗಡ ಕಟ್ಟಿದ್ದರು. ಬಿಡದಿಯಲ್ಲಿ ಮಾಡಿದ ಗೇರ್‌ಬಾಕ್ಸುಗಳು ಹಡಗು ಹತ್ತಿ ಥಾಯ್ಲೆಂಡ್, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾಗಳಿಗೂ ಹೋದವು. ‘ಜಪಾನ್ ಕ್ವಾಲಿಟಿ’ ಎಂದು ಎಲ್ಲೋ ಯಾರೋ ಅಂದಾಗ ಅದರಲ್ಲಿ ನಮ್ಮ ಜಿಲ್ಲೆಗಳ ಹುಡುಗರ ಕೈಯೂ ಇರುತ್ತದೆ.

ಆ ಹುಡುಗರ ಬಗ್ಗೆ ಇನ್ನೊಂದು ಮಾತು. 2007ರಲ್ಲಿ ಕಂಪನಿ ಅಲ್ಲೇ ಒಂದು ತರಬೇತಿ ಶಾಲೆ ತೆರೆಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡಮಕ್ಕಳಿಗೆ ಮೂರು ವರ್ಷ ಊಟ ವಸತಿ ಕೊಟ್ಟು ಕೆಲಸ ಕಲಿಸುತ್ತಾರೆ. ನಿಜಕ್ಕೂ ದೊಡ್ಡ ಕೆಲಸ. ಅದೇ ಬಿಡದಿಯಲ್ಲಿ 2006, 2014, 2020ರಲ್ಲಿ ಮುಷ್ಕರ, ಲಾಕೌಟ್ ಆದದ್ದೂ ನಿಜ. ಕೊನೆಯದು ತಿಂಗಳುಗಟ್ಟಲೆ ನಡೆಯಿತು. ಕೆಲಸದ ಒತ್ತಡ ತಾಳಲಾರದ್ದು ಎಂಬುದು ಕಾರ್ಮಿಕರ ದೂರಾಗಿತ್ತು, ಆಡಳಿತ ಅದನ್ನು ಒಪ್ಪಲಿಲ್ಲ. ಗಾಡಿಯಲ್ಲಿ ದೋಷ ಕಂಡರೆ ಸಾಲು ನಿಲ್ಲಿಸುವ ಅಧಿಕಾರ ಕೆಲಸಗಾರನಿಗೆ ಇದೆ. ತನ್ನ ಬೆನ್ನು ಸೋತಿದೆ ಎಂದು ಎಳೆಯಲು ಅಂಥದ್ದೇ ಒಂದು ಹಗ್ಗ ಇರಬೇಕಲ್ಲವೇ? ಈ ಕಂಪನಿಯನ್ನು ಮೆಚ್ಚುವವನಾಗಿಯೇ ನಾನು ಇದನ್ನು ಕೇಳುತ್ತೇನೆ.

ನಿಲ್ಲದೆ ಹೋದಾಗ

ತಾನೇ ಕಟ್ಟಿದ ನಿಯಮವನ್ನು ಕಂಪನಿ ಮರೆತ ಕಾಲವೂ ಇದೆ. 2009–10ರಲ್ಲಿ ಅಮೆರಿಕದಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡು ಗಾಡಿಗಳು ಹತೋಟಿ ತಪ್ಪುತ್ತಿವೆ ಎಂಬ ದೂರು ಎದ್ದಿತು. ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟು, ಒತ್ತಿದರೆ ಮೇಲೇಳಲು ತಡೆಯುವ ಪೆಡಲು. ಲಕ್ಷಾಂತರ ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದ, ಸಕಿಚಿಯ ಮರಿಮಗ ಅಕಿಯೊ ಟೊಯೋಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಕುಳಿತು ಕ್ಷಮೆ ಕೇಳಿದರು, ಕಂಪನಿ ಬೆಳೆದ ವೇಗ ಹೆಚ್ಚಾಯಿತು ಎಂದೂ ಒಪ್ಪಿಕೊಂಡರು. ದೋಷದ ಬಗ್ಗೆ ಜನರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. 2024ರ ಜನವರಿಯಲ್ಲಿ ಅಂಥದ್ದೇ ಸುದ್ದಿ ನಮ್ಮ ಮನೆಬಾಗಿಲಿಗೇ ಬಂತು. ಡೀಸೆಲ್ ಎಂಜಿನ್ನುಗಳ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಹೊರಬಿದ್ದು, ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್‌ಗಳ ರವಾನೆಯನ್ನು ಇಲ್ಲೂ ಕೆಲಕಾಲ ನಿಲ್ಲಿಸಿದರು. ಗಾಡಿ ಕೊಂಡವರಿಗೆ ಅದರಿಂದ ಅಪಾಯವಿಲ್ಲ ಎಂದು ಹೇಳಿದರು, ಇರಲಿಕ್ಕಿಲ್ಲ. ಆದರೂ ಅಳತೆಯ ಎಳೆ ಕಡಿದದ್ದು ಕಣ್ಣಿಗೆ ಬಿದ್ದ ಕೂಡಲೇ ಯಾರಾದರೂ ಕೈ ಎತ್ತಬೇಕಿತ್ತು. ಎತ್ತದೆ ಇದ್ದದ್ದು ನನ್ನನ್ನು ಬೇರಿಂಗಿನ ಸದ್ದಿಗಿಂತ ಹೆಚ್ಚು ಕಾಡುತ್ತದೆ.

ಕೆಂಪು ರಟ್ಟಿನ ಪುಸ್ತಕ

ಹೆಸರು ದೊಡ್ಡದಾದಷ್ಟೂ ಅದರ ನೆರಳಲ್ಲಿ ಮೋಸಕ್ಕೂ ಜಾಗ. ಹಳೆಯ 2.5 ಲೀಟರ್ ಇನ್ನೋವಾದ ಎಂಜಿನ್ನಿನಲ್ಲಿ ವಾಲ್ವು, ಪಿಸ್ಟನ್ನುಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇದೆ. ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಅದನ್ನು ಬದಲಾಯಿಸಬೇಕು. ಗಡುವು ಬಂದಾಗ ಮೀಟರಿನಲ್ಲಿ ‘ಟಿ–ಬೆಲ್ಟ್’ ದೀಪ ಹೊತ್ತುತ್ತದೆ. ಬದಲಾಯಿಸದೆ ಓಡಿಸಿ ಬೆಲ್ಟು ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಆಮೇಲೆ ಎಂಜಿನ್ ಬಿಚ್ಚದೆ ಗತಿಯಿಲ್ಲ. ಆ ದೀಪವನ್ನು ಬೆಲ್ಟ್ ಮುಟ್ಟದೆಯೇ ಆರಿಸಿಬಿಡಬಹುದು. ಮಾರುವ ಮುಂಚೆ ಹಾಗೆ ಮಾಡುವವರಿದ್ದಾರೆ, ಮೀಟರನ್ನೇ ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ‘ಎಂಜಿನ್ ಬಿಚ್ಚಿಲ್ಲ ಸಾರ್’ ಎಂಬ ಮಾತು ಅಲ್ಲಿ ನಿಜವೇ ಆಗಿರಬಹುದು. ಬಿಚ್ಚುವ ಖರ್ಚನ್ನು ಮುಂದಿನವನ ತಲೆಗೆ ಕಟ್ಟಿರುತ್ತಾರೆ, ಅಷ್ಟೇ.

ಚಿಕ್ಕಪ್ಪನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಇರುತ್ತಿತ್ತು, ಅಂಚಿಗೆಲ್ಲ ಗ್ರೀಸಿನ ಬೆರಳು. ತೆಗೆದರೆ ಹೀಗೆ: ‘2,10,400 ಆಯಿಲ್, ಆಯಿಲ್ ಫಿಲ್ಟರ್.’ ‘2,14,000 ಡೀಸೆಲ್ ಫಿಲ್ಟರ್, ನೀರು ಬಂದಿತ್ತು, ಆ ಬಂಕಿಗೆ ಹೋಗಬಾರದು.’ ‘2,19,800 ಮುಂದಿನ ಲೋಯರ್ ಆರ್ಮ್ ಬುಷ್ ಎರಡೂ ಕಡೆ.’ ‘ಬೆಲ್ಟ್ ಆಗಿದೆ, ಮುಂದಿನದು 3 ಲಕ್ಷಕ್ಕೆ ಮುಂಚೆ.’ ಬಂಕಿನ ಹೆಸರಿನ ಕೆಳಗೆ ಎರಡು ಗೆರೆ. ಮಗಳ ಫೀಸು ಕಟ್ಟುವ ತಿಂಗಳಲ್ಲೂ ಆಯಿಲ್ ಬದಲಾವಣೆ ಮುಂದಕ್ಕೆ ಹೋದದ್ದಿಲ್ಲ. ಘಾಟಿ ಹತ್ತಿ ಬಂದ ಮೇಲೆ ಟರ್ಬೋ ತಣ್ಣಗಾಗಲಿ ಎಂದು ಒಂದೆರಡು ನಿಮಿಷ ಎಂಜಿನ್ ಓಡಲು ಬಿಟ್ಟು, ಸ್ಟೇರಿಂಗ್ ಮೇಲೆ ಕೈ ಇಟ್ಟು ಕೂತಿರುತ್ತಿದ್ದರು. ಗಾಡಿ ಮಾರಿದಾಗ ಪುಸ್ತಕವನ್ನೂ ಕೊಟ್ಟರು. ಕೊಂಡವನು ನಾಗಮಂಗಲದ ಹುಡುಗ. ಚೌಕಾಸಿ ಮಾಡಲು ಬಂದವನು ಪುಸ್ತಕವನ್ನು ಕೊನೆಯ ಹಾಳೆಯವರೆಗೂ ತಿರುಗಿಸಿ, ಕೇಳಿದ ದುಡ್ಡು ಕೊಟ್ಟು ಹೋದ.

ಇನ್ನು ಮುಂದೆ

ಈಗ ಬಾಡಿಗೆ ನೋಡಿಕೊಳ್ಳುವವನು ಚಿಕ್ಕಪ್ಪನ ಮಗ. ಅವನಿಗೆ ಇನ್ನೋವಾದ ಹೈಬ್ರಿಡ್ ರೂಪವಾದ ಹೈಕ್ರಾಸ್ ಮೇಲೆ ಕಣ್ಣು. ಪೆಟ್ರೋಲಿನ ಜೊತೆ ಮೋಟಾರ್, ಬ್ಯಾಟರಿ, ಒಳ್ಳೆಯ ಮೈಲೇಜು. ಚಿಕ್ಕಪ್ಪನ ಆತಂಕ ಬೇರೆ. ಅವರು ಇಪ್ಪತ್ತು ವರ್ಷದಿಂದ ಹೋಗುವ ಗ್ಯಾರೇಜಿನಲ್ಲಿ ಕೇಳಿದಾಗ ಮೆಕ್ಯಾನಿಕ್ಕು, ‘ಆ ಬ್ಯಾಟ್ರಿ ಪೆಟ್ಗೆಗೆ ಕೈ ಹಾಕೋದ್ನ ನಮ್ಗೆ ಯಾರೂ ಹೇಳ್ಕೊಟ್ಟಿಲ್ಲಣ್ಣ, ಶಾಕ್ ಹೊಡುದ್ರೆ ಜೀವ ಹೋಯ್ತದಂತೆ’ ಅಂದನಂತೆ. ಡೀಸೆಲ್ ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿಯಿಟ್ಟು ಯಾವ ನಾಝಲ್ ಸರಿಯಿಲ್ಲ ಎಂದು ಹೇಳುವವನು ಅವನು. ಕ್ವಾಲಿಸ್, ಇನ್ನೋವಾಗಳ ಹೆಸರು ನಮ್ಮ ಊರುಗಳಲ್ಲಿ ಇಷ್ಟು ಗಟ್ಟಿಯಾದದ್ದರಲ್ಲಿ ಇಂಥವರ ಪಾಲು ದೊಡ್ಡದು. ವಾರಂಟಿ ಮುಗಿದ ಮೇಲೆ ಲಕ್ಷಗಟ್ಟಲೆ ಕಿಲೋಮೀಟರ್ ಗಾಡಿ ನೋಡಿಕೊಂಡವರು ಇವರೇ, ಬೆಂಗಳೂರಿನ ಜೆ.ಸಿ. ರೋಡಿನಿಂದ ಸಾಮಾನು ತರಿಸಿ, ಕತ್ತಲಲ್ಲಿ ಟಾರ್ಚ್ ಹಿಡಿದು.

ಬಿಡದಿಯಲ್ಲಿ ಮೂರನೆಯ ಕಾರ್ಖಾನೆಗೆಂದು 3,300 ಕೋಟಿ ರೂಪಾಯಿ ಹೂಡಲು ಕಂಪನಿ 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಬರಲಿ, ನಮ್ಮ ಮಕ್ಕಳಿಗೆ ಕೆಲಸ ಸಿಗಲಿ. ಅದರ ಜೊತೆಗೆ ಹೊರಗಿನ ಗ್ಯಾರೇಜುಗಳಿಗೂ ಹೈಬ್ರಿಡ್ ಗಾಡಿಯ ಕೆಲಸವನ್ನು ಕಂಪನಿ ಕಲಿಸಬೇಕು. ಕೈಪಿಡಿಯನ್ನು ಕನ್ನಡದಲ್ಲಿ ಕೊಡಬೇಕು, ದೋಷ ಹುಡುಕುವ ಸಾಧನ ಅವರ ಕೈಗೂ ಎಟುಕಬೇಕು. ಮಂಡ್ಯದ ಆ ಗ್ಯಾರೇಜಿನಿಂದ ಬಿಡದಿಗೆ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಶಾಲೆ ಅಲ್ಲಿ ಈಗಾಗಲೇ ಇದೆ, ಕಲಿಸುವವರೂ ಇದ್ದಾರೆ, ಭಾನುವಾರ ಬಿಡುವು ಮಾಡಿಕೊಂಡು ಬರುವುದಕ್ಕೆ ಆ ಮೆಕ್ಯಾನಿಕ್ಕು ತಯಾರಿದ್ದಾನೆ.